ಡಿಸ್ಕ್‌ವರ್ಲ್ಡ್: 41 ಕಾದಂಬರಿ ಅಂತೆ, ಎಲ್ಲಿಂದ ಹಿಡಿಯೋದು?

ಡೊಂಬಿವಲಿ ಫಾಸ್ಟ್
ಎಲ್ರಿಗೂ ನಮಸ್ಕಾರ. ಪುಣೆಯಲ್ಲಿರೋ ನಮ್ಮಕ್ಕನ ಮಗ ಮನೆಗೆ ಬಂದಾಗಲೆಲ್ಲ ಟೆರಿ ಪ್ರಾಚೆಟ್, ಟೆರಿ ಪ್ರಾಚೆಟ್ ಅಂತ ತಲೆ ತಿಂತಾನೆ. ಸರಿ, ನೋಡೇಬಿಡೋಣ ಅಂತ ಹುಡುಕಿದ್ರೆ ಆ ಇಂಗ್ಲಿಷ್ ಲೇಖಕ ಡಿಸ್ಕ್‌ವರ್ಲ್ಡ್ ಅನ್ನೋ ಒಂದೇ ಕಲ್ಪನಾಲೋಕದ ಮೇಲೆ 41 ಕಾದಂಬರಿ ಬರೆದಿದಾನೆ ಮಹಾರಾಯ. ಅದಕ್ಕೊಂದು ನಕ್ಷೆ ಬೇರೆ, ಇದಾದ್ಮೇಲೆ ಅದು, ಅಲ್ಲಿಂದ ಇನ್ನೊಂದಕ್ಕೆ ಅಂತ ಬಾಣದ ಗುರುತು ಹಾಕ್ಕೊಂಡು. ನಕ್ಷೆ ನೋಡೇ ಸುಸ್ತಾದೆ.

ಮೊದಲನೇದ್ರಿಂದ ಶುರು ಮಾಡೋದು ನ್ಯಾಯ ತಾನೇ? ಆದ್ರೆ ಅರ್ಧ ಜನ "ಮೊದಲನೇದು ಮುಟ್ಲೇಬೇಡಿ" ಅಂತಾರೆ. ಮುಟ್ಟಬಾರದ್ದನ್ನ ಅವನು ಬರೆದಿದ್ದಾದ್ರೂ ಯಾಕೆ?

ನನ್ನ ಓದೆಲ್ಲ ಹೋಗ್ತಾ ಬರ್ತಾ ಲೋಕಲ್‌ನಲ್ಲೇ, ಅದೂ ನಿಂತ್ಕೊಂಡು. ಕನ್ನಡದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಓದ್ತೀನಿ, ಇಂಗ್ಲಿಷ್ ಕಾದಂಬರಿ ಅಭ್ಯಾಸ ಕಮ್ಮಿ. ದಾರಿ ತೋರ್ಸಿ.

ಮಾಟುಂಗಾ ಮಾಣಿ
ಬರೆದವ ಬರೆದ ಕ್ರಮದಲ್ಲೇ ಓದುದು ಮಾರಾಯ್ರೆ. ಇದ್ರಲ್ಲಿ ಚರ್ಚೆ ಎಂತದ್ದು?

ಜೋಳದರೊಟ್ಟಿ ಪುಣೆ
ಬ್ಯಾಡ್ರಿ, ಬ್ಯಾಡ್ರಿ. ಮಾಣಿ ಮಾತು ಕೇಳಿ ಹಳ್ಳಾ ಹಿಡೀಬ್ಯಾಡ್ರಿ. 'ದ ಕಲರ್ ಆಫ್ ಮ್ಯಾಜಿಕ್' ಬಂದದ್ದು 1983ರಾಗ. ಅವಾಗ ಇಂವಾ ಇನ್ನೂ ಬ್ಯಾರೆಯವರು ಬರದ ಕತ್ತಿ, ಮಾಂತ್ರಿಕ, ಡ್ರ್ಯಾಗನ್ ಕಥಿಗಳನ್ನ ಚಾಷ್ಟಿ ಮಾಡ್ಕೋತ ಹೊಂಟಿದ್ದ. ಆ ಮೂಲ ಕಥಿ ಓದಿದ್ರ ನಗು ಬರ್ತದ, ಇಲ್ಲಾಂದ್ರ ಇಲ್ಲ. ನಾಕು ತುಂಡು ಕಥಿ ಕೂಡ್ಸಿ ಹೊಲದಾನ ಅಷ್ಟ. ಅದೂ ಮುಗಿಯೂದಿಲ್ಲ, ಲೋಕದ ಅಂಚಿನಿಂದ ಕೆಳಗ ಬೀಳೂ ಹೊತ್ತಿಗೆ ಪುಸ್ತಕ ಖಲಾಸ್. ಮುಂದಿನ ಕಥಿ ಬೇಕಂದ್ರ 1986ರ 'ದ ಲೈಟ್ ಫೆಂಟಾಸ್ಟಿಕ್' ತರಬೇಕು.

ನೀವು 'ಗಾರ್ಡ್ಸ್! ಗಾರ್ಡ್ಸ್!' ತಗೋರಿ, 1989ರದ್ದು. ಅಂಖ್-ಮಾರ್ಪೋರ್ಕ್ ಅಂತ ಒಂದು ಹೊಲಸು ಶಹರ. ಅಲ್ಲಿ ಕಳ್ಳರಿಗೂ ಒಂದು ಅಧಿಕೃತ ಸಂಘ ಅದ. ವರ್ಷಕ್ಕ ಇಷ್ಟು ಕಳುವು ಅಂತ ಲೆಕ್ಕಾ ಹಾಕಿ ಮಾಡ್ತಾರ, ಮಾಡಿದ ಮ್ಯಾಲೆ ರಶೀದಿ ಕೊಡ್ತಾರ. ಹಂಗಾಗಿ ರಾತ್ರಿ ಗಸ್ತಿನ ಪೊಲೀಸರಿಗೆ ಕೆಲಸಽ ಇಲ್ಲ. ಅವರ ಕ್ಯಾಪ್ಟನ್ ಸ್ಯಾಮ್ ವೈಮ್ಸ್ ನಮಗ ಮೊದಲು ಸಿಗೂದು ಕುಡದು ಗಟಾರದಾಗ ಬಿದ್ದಾಗ. ಅಂಥಾ ಮನಷ್ಯಾ ಎಂಟು ಪುಸ್ತಕದಾಗ ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ತಾನ ಅನ್ನೂದನ್ನ ಓದಽಬೇಕು.

ಸುಮ್ಮನೆ ಓದುಗ
ರಶೀದಿ ಕೊಡೋ ಕಳ್ಳರು! ನಮ್ಮ ಬಿಲ್ಡರ್ ಅದನ್ನೂ ಕೊಟ್ಟಿಲ್ಲ.

ಮಾಟುಂಗಾ ಮಾಣಿ
ಜೋಳದರೊಟ್ಟಿಯವ್ರೆ, 'ಗಾರ್ಡ್ಸ್' ಎಂಟನೇ ಪುಸ್ತಕ. ಮೊದಲ ಏಳು ಎಂತ ಸಮುದ್ರಕ್ಕೆ ಹಾಕುದಾ? ಹೇಡಿ ಮಾಂತ್ರಿಕ ರಿನ್ಸ್‌ವಿಂಡ್ ಬೇಡ, ನೂರಾರು ಪುಟ್ಟ ಕಾಲಲ್ಲಿ ಓಡಿ ಬರುವ ಆ ಪೆಟ್ಟಿಗೆ ಬೇಡ, ಆಮೆ ಬೇಡ! ಬಾಹ್ಯಾಕಾಶದಲ್ಲಿ ಈಜುವ ಒಂದು ದೊಡ್ಡ ಆಮೆ, ಅದರ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ಚಪ್ಪಟೆ ಲೋಕ. ಕೂರ್ಮಾವತಾರ, ಅಷ್ಟದಿಗ್ಗಜ ಕೇಳಿ ಬೆಳೆದ ನಮಗೆ ಇದನ್ನು ಯಾರಾದ್ರೂ ವಿವರಿಸಬೇಕಾ? ಎಂಟನ್ನು ನಾಲ್ಕಕ್ಕೆ ಇಳಿಸಿದ್ದಾನೆ, ಅಷ್ಟೇ ವ್ಯತ್ಯಾಸ.

ಮಡಗಾಂವ್ ಮಳೆ
ಮೊದಲು ಐದಿತ್ತಂತೆ ಅಂತ ಆ ಲೋಕದಲ್ಲೇ ಒಂದು ಐತಿಹ್ಯ ಇದೆ. ಐದನೇ ಆನೆ ಜಾರಿ ನೆಲಕ್ಕಪ್ಪಳಿಸಿತು, ಅದರ ಕೊಬ್ಬನ್ನ ಈಗಲೂ ಗಣಿಯಿಂದ ತೆಗೀತಾರೆ. 1999ರ 'ದ ಫಿಫ್ತ್ ಎಲಿಫೆಂಟ್' ಹೆಸರು ಬಂದಿದ್ದೇ ಹಾಗೆ. ಗೋವಾದಲ್ಲಿ ಕೂತು ಗಣಿ ಕಥೆ ಓದಿದ್ರೆ ಇನ್ನೂ ಮಜಾ.

ಅಡಿಟಿಪ್ಪಣಿ
ಡೊಂಬಿವಲಿಯವರೇ, ಇವರಿಬ್ಬರ ಜಗಳ ಮುಗಿಯುವುದಲ್ಲ. ನಾನು ಹೇಳುವುದನ್ನು ಕೇಳಿ.

41 ಅನ್ನುವ ಸಂಖ್ಯೆಗೆ ಹೆದರಬೇಡಿ. ಇದು 41 ಸಂಪುಟಗಳ ಒಂದೇ ಕಥೆಯಲ್ಲ. ಪ್ರತಿಯೊಂದೂ ಅದರಷ್ಟಕ್ಕೆ ಮುಗಿಯುತ್ತದೆ (ಮೊದಲನೆಯದನ್ನು ಬಿಟ್ಟು, ಅಲ್ಲಿ ಜೋಳದರೊಟ್ಟಿಯವರ ಮಾತು ಸರಿ). ಒಂದೊಂದು ಗುಂಪಿನ ಪಾತ್ರಗಳಿಗೆ ಒಂದೊಂದು ಎಳೆ. ಪೊಲೀಸರದ್ದು 'ಗಾರ್ಡ್ಸ್'ನಿಂದ. ಮಾಟಗಾತಿಯರದ್ದು 1988ರ 'ವಿರ್ಡ್ ಸಿಸ್ಟರ್ಸ್'ನಿಂದ ಹಿಡಿದರೆ ಸಾಕು. ಸಾವು ಅಂದರೆ ಸಾಕ್ಷಾತ್ ಸಾವೇ, ಕುಡುಗೋಲು ಹಿಡಿದ ಅಸ್ಥಿಪಂಜರ, ಅವನ ಎಳೆ 1987ರ 'ಮಾರ್ಟ್'ನಿಂದ. ಅದರಲ್ಲಿ ಸಾವು ಒಬ್ಬ ಹಳ್ಳಿ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುತ್ತಾನೆ. ಚಿಕ್ಕ ಹುಡುಗಿ ಟಿಫನಿ ಏಕಿಂಗ್‌ಳದ್ದು 2003ರಿಂದ ಐದು ಪುಸ್ತಕ, ಮಕ್ಕಳಿಗೆಂದು ಬರೆದದ್ದಾದರೂ ದೊಡ್ಡವರನ್ನೂ ಬಿಡುವುದಿಲ್ಲ.

ಹಾಗಾದರೆ ಇವೆಲ್ಲವನ್ನೂ ಜೋಡಿಸುವುದೇನು? ನನ್ನ ಲೆಕ್ಕದಲ್ಲಿ ಆ ಊರು. ಅಂಖ್-ಮಾರ್ಪೋರ್ಕ್ ಇದ್ದ ಹಾಗೇ ಇರುವುದಿಲ್ಲ. 2000ದ 'ದ ಟ್ರೂತ್'ನಲ್ಲಿ ಅಲ್ಲಿಗೆ ಪತ್ರಿಕೆ ಬರುತ್ತದೆ, 2004ರ 'ಗೋಯಿಂಗ್ ಪೋಸ್ಟಲ್'ನಲ್ಲಿ ಪಾಳುಬಿದ್ದ ಅಂಚೆ ಕಚೇರಿಗೆ ಜೀವ ಬರುತ್ತದೆ, 2007ರಲ್ಲಿ ನೋಟು ಬರುತ್ತದೆ, 2013ರ 'ರೈಸಿಂಗ್ ಸ್ಟೀಮ್'ನಲ್ಲಿ ರೈಲು. ಕಲ್ಲುಮೈಯ ಟ್ರೋಲ್‌ಗಳು, ಕುಳ್ಳರು, ಸತ್ತ ಮೇಲೂ ನಡೆದಾಡುವವರು ಎಲ್ಲರೂ ಹೊಟ್ಟೆಪಾಡಿಗೆ ಅಲ್ಲಿಗೆ ವಲಸೆ ಬರುತ್ತಾರೆ, ಬಂದವರ ಮೇಲೆ ಮೊದಲೇ ಇದ್ದವರು ಗೊಣಗುತ್ತಾರೆ. ಊರು ಬಿಟ್ಟು ಮುಂಬಯಿಗೆ ಬಂದವರ ಮಕ್ಕಳು ನಾವು, ನಮಗೆ ಇದು ಕಲ್ಪನಾಲೋಕ ಅನ್ನಿಸುವುದೇ ಇಲ್ಲ. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದ ಹಾದಿಯಲ್ಲೇ ನೀವು ದಿನಾ ಹೋಗುತ್ತೀರಿ. ಆ ರೈಲಿನ ಪುಸ್ತಕ ಮಾತ್ರ ಕೊನೆಗಿಟ್ಟುಕೊಳ್ಳಿ. ಊರು ಬೆಳೆದದ್ದನ್ನು ನೋಡದೆ ರೈಲು ನೋಡಿದರೆ ಏನೂ ಅನ್ನಿಸುವುದಿಲ್ಲ.

ಹಿಂಜವಡಿ ಟ್ರಾಫಿಕ್
ಅಕ್ಕ ಹೇಳಿದ್ದೇ ಕರೆಕ್ಟ್. ಡಿಸ್ಕ್‌ವರ್ಲ್ಡ್ ಅಂದ್ರೆ ಮುಂಬೈ ಲೋಕಲ್ ಇದ್ದಂಗೆ, ಯಾವ ಸ್ಟೇಷನ್ನಲ್ಲಿ ಬೇಕಾದ್ರೂ ಹತ್ತಬಹುದು.

ಡೊಂಬಿವಲಿ ಫಾಸ್ಟ್
ಬೆಳಿಗ್ಗೆ ಎಂಟೂವರೆಗೆ ಕುರ್ಲಾದಲ್ಲಿ ಹತ್ತಿ ತೋರ್ಸಿ ಸ್ವಾಮಿ, ಆಮೇಲೆ ಮಾತಾಡೋಣ.

ಜೋಳದರೊಟ್ಟಿ ಪುಣೆ
😂 ಹಿಂಜವಡಿಯವ್ರು ಪುಣೆ ಬಿಟ್ಟು ಹೊರಗ ಬಂದಿಲ್ಲ. ಬರಬೇಕಂದ್ರೂ ಆ ಟ್ರಾಫಿಕ್ಕು ಬಿಡಬೇಕಲ್ಲ.

ಕಾಸ್ಮಿಯರ್ ಕಟ್ಟಾಳು
ಕ್ಷಮಿಸಿ, ನಡುವೆ ಬಾಯಿ ಹಾಕ್ತಿದೀನಿ. ಒಂದಕ್ಕೊಂದು ಹೆಣೆದುಕೊಂಡ ಕಾದಂಬರಿಗಳೇ ಬೇಕು ಅಂದ್ರೆ ಬ್ರ್ಯಾಂಡನ್ ಸ್ಯಾಂಡರ್ಸನ್ ಓದಿ. 2006ರ 'ಮಿಸ್ಟ್‌ಬಾರ್ನ್' ಇಂದ ಶುರು ಮಾಡಿ, ಆಮೇಲೆ 2010ರ 'ದ ವೇ ಆಫ್ ಕಿಂಗ್ಸ್'. ಬೇರೆ ಬೇರೆ ಗ್ರಹ, ಬೇರೆ ಬೇರೆ ಮಾಂತ್ರಿಕ ನಿಯಮ, ಎಲ್ಲದರ ಹಿಂದೆ ಒಂದೇ ದೊಡ್ಡ ಇತಿಹಾಸ. ಹಾಯ್ಡ್ ಅನ್ನೋ ಒಬ್ಬನೇ ಮನುಷ್ಯ ಪುಸ್ತಕದಿಂದ ಪುಸ್ತಕಕ್ಕೆ ವೇಷ ಬದಲಿಸಿಕೊಂಡು ಬರ್ತಾನೆ, ಅವನನ್ನ ಹಿಡಿಯೋದೇ ಒಂದು ಆಟ. ಪ್ರಾಚೆಟ್ ಜೋಕು ಚೆನ್ನಾಗೇ ಇರುತ್ತೆ, ಆದ್ರೆ ಅಲ್ಲಿ ಯಾವುದಕ್ಕೂ ನಿಯಮ ಅಂತಿಲ್ಲ.

ಅಡಿಟಿಪ್ಪಣಿ
ನಿಯಮ ಬೇಕೆನ್ನುವವರಿಗೆ ಸ್ಯಾಂಡರ್ಸನ್ ಸರಿ, ನನ್ನದೇನೂ ತಕರಾರಿಲ್ಲ. ಆದರೆ 'ದ ವೇ ಆಫ್ ಕಿಂಗ್ಸ್' ಸಾವಿರ ಪುಟ. ಅದನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಕೆ ಹಿಡಿದು ಇವರು ಘಾಟ್ಕೋಪರ್ ದಾಟಬೇಕಾ?

ಕಾಸ್ಮಿಯರ್ ಕಟ್ಟಾಳು
ಮೊಬೈಲಲ್ಲಿ ಓದಲಿ.

ಮಾಟುಂಗಾ ಮಾಣಿ
ನೀವು ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಆಮೆಯ ವಿಷಯ ನಡೀತಾ ಉಂಟು.

ಥಾಣೆ ಅತ್ತೆಮನೆ
ಯಾರೂ ಮಾಟಗಾತಿಯರ ಬಗ್ಗೆ ಒಂದು ಸಾಲಿಗಿಂತ ಹೆಚ್ಚು ಹೇಳ್ತಾ ಇಲ್ಲ, ಎಲ್ಲ ಗಂಡಸ್ರಿಗೂ ಪೊಲೀಸರೇ ಬೇಕು.

ಗ್ರ್ಯಾನಿ ವೆದರ್‌ವ್ಯಾಕ್ಸ್ ಅಂತ ಒಬ್ಬ ಮುದುಕಿ. ಬೆಟ್ಟದ ಹಳ್ಳಿಯಲ್ಲಿ ಒಬ್ಬಳೇ ಇರ್ತಾಳೆ. ಮಂತ್ರಶಕ್ತಿ ಬೇಕಾದಷ್ಟಿದೆ, ಉಪಯೋಗಿಸೋದು ಮಾತ್ರ ತೀರಾ ಅಪರೂಪ. ಹೆರಿಗೆಗೆ ಹೋಗ್ತಾಳೆ, ಸಾಯೋರ ಪಕ್ಕ ರಾತ್ರಿಯೆಲ್ಲ ಕೂರ್ತಾಳೆ, ಊರಿನ ಜನ ಹೆದರ್ತಾರೆ, ಗೌರವಿಸ್ತಾರೆ, ಇಷ್ಟ ಮಾತ್ರ ಪಡಲ್ಲ. ಅವಳಿಗೆ ಅದು ಗೊತ್ತು, ಅದರ ಸಿಟ್ಟೂ ಇದೆ. ನಮ್ಮ ಕುಂದಾಪುರದ ಅಮ್ಮಮ್ಮನೂ ಹೀಗೇ ಇದ್ದಿದ್ದು. ಯಾರ ಮನೆಯಲ್ಲಿ ಎಂತ ಆದ್ರೂ ಮೊದಲು ಇವರಿಗೇ ಹೇಳಿ ಕಳಿಸ್ತಿದ್ರು, ಮದುವೆ ಊಟಕ್ಕೆ ಕರೆಯೋವಾಗ ಮಾತ್ರ ಕೊನೇ ಹೆಸರು. 'ವಿರ್ಡ್ ಸಿಸ್ಟರ್ಸ್' ಓದೋವಾಗ ಈ ಇಂಗ್ಲಿಷ್ ಮನುಷ್ಯನಿಗೆ ನಮ್ಮ ಅಮ್ಮಮ್ಮ ಹೇಗೆ ಸಿಕ್ಕಿದ್ರು ಅಂತ ಆಶ್ಚರ್ಯ ಆಯ್ತು. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಕಥೆ ಗೊತ್ತಿದ್ರೆ ಇನ್ನೂ ಖುಷಿ, ಇಲ್ಲದಿದ್ರೂ ನಡೀತದೆ.

ಸುಮ್ಮನೆ ಓದುಗ
'ಗುಡ್ ಓಮೆನ್ಸ್' ಇದೇ ಸರಣಿಯದ್ದಲ್ವಾ? ನಾನು ವೆಬ್ ಸೀರೀಸ್ ನೋಡಿದೀನಿ.

ಅಡಿಟಿಪ್ಪಣಿ
ಅಲ್ಲ. ಅದು 1990ರಲ್ಲಿ ನೀಲ್ ಗೈಮನ್ ಜೊತೆ ಸೇರಿ ಬರೆದದ್ದು, ನಡೆಯುವುದು ನಮ್ಮದೇ ಭೂಮಿಯ ಮೇಲೆ. 41ರ ಲೆಕ್ಕಕ್ಕೆ ಸೇರುವುದಿಲ್ಲ.

ಹಿಂಜವಡಿ ಟ್ರಾಫಿಕ್
ಸಾವಿನ ಪಾತ್ರ ಬೇಕು ಅಂದ್ರೆ 'ಮಾರ್ಟ್' ಮತ್ತೆ ಅದರ ಮುಂದಿನ ನಾಲ್ಕು ಪುಸ್ತಕ ಮಾತ್ರ ಓದ್ಬೇಕು ಅಲ್ವಾ?

ಮಾಟುಂಗಾ ಮಾಣಿ
ಅಲ್ಲವೇ ಅಲ್ಲ. ಅವ ಬಾರದ ಕಾದಂಬರಿ ಎರಡೇ, 'ದ ವೀ ಫ್ರೀ ಮೆನ್' ಮತ್ತು 'ಸ್ನಫ್'. ಉಳಿದ ಎಲ್ಲದರಲ್ಲೂ ಒಂದು ಸಲವಾದ್ರೂ ಮುಖ ತೋರಿಸಿಯೇ ಹೋಗ್ತಾನೆ. ಅವನ ಮಾತೆಲ್ಲ ಚಿಕ್ಕ ಗಾತ್ರದ ದೊಡ್ಡಕ್ಷರದಲ್ಲಿ ಅಚ್ಚಾಗಿರ್ತದೆ, ಉದ್ಧರಣ ಚಿಹ್ನೆ ಇರುದಿಲ್ಲ, ಹಾಗಾಗಿ ನೋಡಿದ ಕೂಡ್ಲೇ ಗೊತ್ತಾಗ್ತದೆ. ಬೆಕ್ಕು ಅಂದ್ರೆ ಪ್ರಾಣ ಅವನಿಗೆ.

ಡೊಂಬಿವಲಿ ಫಾಸ್ಟ್
ಇಷ್ಟೊಂದು ಉತ್ತರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಎರಡು ಪ್ರಶ್ನೆ. ಇಂಗ್ಲಿಷ್ ಕಷ್ಟ ಇದೆಯಾ? ಅಧ್ಯಾಯ ಚಿಕ್ಕವಾ, ದೊಡ್ಡವಾ? ದಾದರ್ ಬಂದ ತಕ್ಷಣ ಮುಚ್ಚೋ ಹಾಗಿರ್ಬೇಕು. ಸಂಜೆ ಆಫೀಸಿಂದ ಬರೋವಾಗ ತಲೆ ಕೆಟ್ಟಿರುತ್ತೆ, ಫೋರ್ಟ್‌ನಲ್ಲಿ ಇನ್ಶೂರೆನ್ಸ್ ಕೆಲಸ ನಂದು, ಬೆಂಕಿ ಅನಾಹುತದ ಕ್ಲೇಮುಗಳನ್ನ ನೋಡೋದು. ಭಾರ ಓದು ಆಗಲ್ಲ.

ಜೋಳದರೊಟ್ಟಿ ಪುಣೆ
ಏನಂದ್ರಿ? ಬೆಂಕಿ ವಿಮಾ?!

ಮಾಟುಂಗಾ ಮಾಣಿ
ಹಹಹಹಾ! ಈಗ ಹೇಳಿ ಜೋಳದರೊಟ್ಟಿಯವ್ರೆ, ಮೊದಲನೇದು ಬೇಡವಾ?

ಡೊಂಬಿವಲಿ ಫಾಸ್ಟ್
ಏನಾಯ್ತು?

ಮಾಟುಂಗಾ ಮಾಣಿ
ಮೊದಲನೇ ಪುಸ್ತಕದಲ್ಲಿ ಟೂಫ್ಲವರ್ ಅಂತ ಒಬ್ಬ ಬರ್ತಾನೆ. ಡಿಸ್ಕಿನ ಮೊತ್ತಮೊದಲ ಪ್ರವಾಸಿ. ದೂರದ ಶ್ರೀಮಂತ ಸಾಮ್ರಾಜ್ಯದಲ್ಲಿ ಅವನ ಕೆಲಸ ಎಂತ ಗೊತ್ತುಂಟಾ? ಇನ್ಶೂರೆನ್ಸ್ ಗುಮಾಸ್ತ. ರಜೆ ಹಾಕಿ ಅಂಖ್-ಮಾರ್ಪೋರ್ಕಿಗೆ ಬಂದು ಇಳಿದುಕೊಂಡ ಹೋಟೆಲಿನ ಯಜಮಾನನಿಗೆ ಬೆಂಕಿ ವಿಮೆ ಅಂದ್ರೆ ಎಂತ ಅಂತ ವಿವರಿಸ್ತಾನೆ. ಕಟ್ಟಡ ಸುಟ್ಟುಹೋದ್ರೆ ನಾವೇ ನಿಮಗೆ ದುಡ್ಡು ಕೊಡ್ತೇವೆ ಅಂತ. ಆ ಊರಿನವರು ಇಂಥದ್ದು ಕೇಳಿಯೇ ಇಲ್ಲ. ಯಜಮಾನ ಒಂದು ಪಾಲಿಸಿ ತೆಗೀತಾನೆ. ಆಮೇಲೆ ಎಂತ ಆಗ್ತದೆ ಅಂತ ನಿಮಗೆ ಹೇಳಬೇಕಾ?

ಡೊಂಬಿವಲಿ ಫಾಸ್ಟ್
ಬೆಂಕಿ ಇಡ್ತಾನೆ.

ಮಾಟುಂಗಾ ಮಾಣಿ
ಊರಿಗೆ ಊರೇ ಸುಟ್ಟುಹೋಗ್ತದೆ.

ಡೊಂಬಿವಲಿ ಫಾಸ್ಟ್
ಭಿವಂಡಿ ಗೋಡೌನುಗಳ ಫೈಲು ನೋಡೀ ನೋಡೀ ಬೇಜಾರಾಗಿದ್ದೆ. ಇದು ನನ್ನ ಪುಸ್ತಕ.

ಜೋಳದರೊಟ್ಟಿ ಪುಣೆ
ಇವರೊಬ್ಬರಿಗೆ ಮಾತ್ರ ನಡೀತದ. ಇದನ್ನ ನಿಯಮ ಮಾಡಬ್ಯಾಡ್ರಿ ಮಾಣಿ.

ಅಡಿಟಿಪ್ಪಣಿ
ಡೊಂಬಿವಲಿಯವರ ಪ್ರಶ್ನೆಗಳು ಹಾಗೇ ಉಳಿದವು. ಹೆಚ್ಚಿನವುಗಳಲ್ಲಿ ಅಧ್ಯಾಯಗಳೇ ಇಲ್ಲ! ಆದರೆ ಎರಡು ಮೂರು ಪುಟಕ್ಕೊಮ್ಮೆ ಒಂದು ಸಾಲು ಖಾಲಿ ಬಿಟ್ಟು ದೃಶ್ಯ ಬದಲಾಗುತ್ತದೆ, ಅಲ್ಲಿ ನಿಲ್ಲಿಸಬಹುದು. ಟಿಫನಿಯ ಪುಸ್ತಕಗಳಿಗೂ 'ಗೋಯಿಂಗ್ ಪೋಸ್ಟಲ್'ಗೂ ಅಧ್ಯಾಯಗಳಿವೆ. ಭಾಷೆ ಸಲೀಸು, ಶ್ಲೇಷೆಗಳು ಒಂದಷ್ಟು ತಪ್ಪಿಹೋಗುತ್ತವೆ, ಹೋಗಲಿ ಬಿಡಿ. ಅಡಿಟಿಪ್ಪಣಿಗಳನ್ನು ಮಾತ್ರ ಬಿಡಬೇಡಿ (ನನ್ನ ಹೆಸರು ನೋಡಿ). ಅರ್ಧ ತಮಾಷೆ ಅಲ್ಲೇ ಇದೆ. ಇ-ಪುಸ್ತಕದಲ್ಲಿ ಓದುವುದಾದರೆ ಆ ಸಣ್ಣ ನಕ್ಷತ್ರವನ್ನು ಹೆಬ್ಬೆರಳಿನಿಂದ ಒತ್ತಬೇಕು. ಜನ ತಳ್ಳುವಾಗ ಬೆರಳು ಜಾರಿ ಪುಟ ತಿರುಗಿಬಿಡುತ್ತದೆ, ಓದುತ್ತಿದ್ದದ್ದು ಎಲ್ಲಿ ಎಂದು ಹುಡುಕುವುದರೊಳಗೆ ಮುಲುಂಡ್. ಟ್ರೇನಿಗೆ ಅಚ್ಚಿನ ಪ್ರತಿಯೇ ವಾಸಿ.

ಹಿಂಜವಡಿ ಟ್ರಾಫಿಕ್
ಇಲ್ಲಾಂದ್ರೆ ಆಡಿಯೋ. 2022ರಿಂದ ಹೊಸದಾಗಿ ರೆಕಾರ್ಡ್ ಮಾಡಿ ಬಿಟ್ಟಿದ್ದಾರೆ. ಅಡಿಟಿಪ್ಪಣಿಗಳನ್ನ ಓದೋಕೇ ಬಿಲ್ ನೈ, ಸಾವಿನ ದನಿಗೆ ಪೀಟರ್ ಸೆರಾಫಿನೋವಿಚ್. ನಾನು ವಾಕಡ್ ಸಿಗ್ನಲ್ಲಲ್ಲಿ ಕೂತೇ 'ಮಾರ್ಟ್' ಮುಗ್ಸಿದೆ.

ಥಾಣೆ ಅತ್ತೆಮನೆ
ಪುಸ್ತಕ ಎಲ್ಲಿ ಸಿಗುತ್ತೆ ಅಂತ ಯಾರಾದ್ರೂ ಹೇಳಿ. ಸ್ಟ್ರ್ಯಾಂಡ್ 2018ರಲ್ಲಿ ಮುಚ್ಚಿದ ಮೇಲೆ ಫೋರ್ಟ್ ಕಡೆ ಹೋಗೋ ಮನಸ್ಸೇ ಬರಲ್ಲ.

ಮಾಟುಂಗಾ ಮಾಣಿ
ಕಿತಾಬ್ ಖಾನಾ ಉಂಟಲ್ಲ. ಹಳೇ ಪ್ರತಿ ಬೇಕಾದ್ರೆ ಫೌಂಟನ್ ಫುಟ್‌ಪಾತ್, ಇಲ್ಲಾ ನಮ್ಮ ಕಿಂಗ್ಸ್ ಸರ್ಕಲ್. ಒಂದು ಗುಟ್ಟು ಹೇಳ್ತೇನೆ. ಹಳೇ ಪ್ರತಿಗಳ ಮೇಲೆ ಜಾಶ್ ಕರ್ಬಿ ಬಿಡಿಸಿದ ಚಿತ್ರ ಇರ್ತದೆ. ಜನರ ಮೇಲೆ ಜನ, ರಾಕ್ಷಸ, ಡ್ರ್ಯಾಗನ್, ಒಂದು ಇಂಚು ಜಾಗ ಬಿಟ್ಟಿಲ್ಲ. ಅದನ್ನು ನೋಡಿ ಮಾರುವವರು ಮಕ್ಕಳ ಪುಸ್ತಕದ ರಾಶಿಗೆ ಹಾಕಿಬಿಡ್ತಾರೆ. ಹುಡುಕುದಾದ್ರೆ ಅಲ್ಲಿ ಹುಡುಕಿ, ರೇಟೂ ಕಡಿಮೆ. ಹುಡುಕಿ ಸುಸ್ತಾದ್ರೆ ರಾಮ ನಾಯಕರಲ್ಲಿ ಬಾಳೆಲೆ ಊಟ.

ಸುಮ್ಮನೆ ಓದುಗ
ಕೊನೆಗೂ ಊಟಕ್ಕೆ ಬಂದ್ರಿ.

ಮಡಗಾಂವ್ ಮಳೆ
ನನ್ನ ಮತ ಯಾವ ಎಳೆಗೂ ಸೇರದ 1992ರ 'ಸ್ಮಾಲ್ ಗಾಡ್ಸ್'ಗೆ. ಹಿಂದೆ ಮುಂದೆ ಏನೂ ಓದಬೇಕಾಗಿಲ್ಲ. ಓಮ್ ಅನ್ನೋ ಮಹಾದೇವರು ಭೂಮಿಗಿಳಿದು ನೋಡಿದ್ರೆ ಬರೀ ಒಂದು ಆಮೆ ಆಗಿರ್ತಾನೆ. ಆ ಲೋಕದಲ್ಲಿ ದೇವರ ಬಲ ಭಕ್ತರ ನಂಬಿಕೆಯಷ್ಟೇ. ಅವನ ಹೆಸರಲ್ಲಿ ದೊಡ್ಡ ಸಾಮ್ರಾಜ್ಯ ಇದೆ, ಗುಡಿ ಇದೆ, ಪುರೋಹಿತರಿದ್ದಾರೆ, ತಪ್ಪು ಮಾತಾಡಿದವರಿಗೆ ಚಿತ್ರಹಿಂಸೆ ಇದೆ. ನಿಜವಾಗಿ ನಂಬೋನು ಮಾತ್ರ ಒಬ್ಬನೇ, ತೋಟದ ಕೆಲಸ ಮಾಡೋ ಬ್ರೂಥಾ. ಮಿಕ್ಕವರು ನಂಬೋದು ಚಿತ್ರಹಿಂಸೆಯ ಭಯವನ್ನ. ಹಳೇ ಗೋವಾದಲ್ಲಿ ಒಂದು ಕಾಲಕ್ಕೆ ಇನ್‌ಕ್ವಿಸಿಷನ್ ನಡೆದಿತ್ತಲ್ಲ, ಅಲ್ಲಿ ಓಡಾಡೋವಾಗ ಈ ಪುಸ್ತಕ ನೆನಪಾಗದೆ ಇರಲ್ಲ.

ಜೋಳದರೊಟ್ಟಿ ಪುಣೆ
ಇದಕ್ಕ ನಂದೂ ಒಂದು ಓಟು. ಸ್ಥಾವರಕ್ಕಳಿವುಂಟು ಅಂತ ಕೇಳ್ಕೋತ ಬೆಳದ ಮಂದಿಗೆ ಭಾಳ ಹತ್ತರ ಅನಸ್ತದ.

ಆದ್ರ ವೈಮ್ಸ್‌ನ ಬೂಟಿನ ಮಾತು ಹೇಳದ ಬಿಟ್ರ ನನಗ ನಿದ್ದಿ ಹತ್ತೂದಿಲ್ಲ. 1993ರ 'ಮೆನ್ ಅಟ್ ಆರ್ಮ್ಸ್'ನಾಗ ಬರ್ತದ. ಅವನ ಪಗಾರ ತಿಂಗಳಿಗೆ 38 ಡಾಲರ್. ಚಲೋ ತೊಗಲಿನ ಬೂಟಿಗೆ 50 ಡಾಲರ್, ವರ್ಷಾನುಗಟ್ಟಲೆ ಬಾಳಿಕಿ. ಅಂವಗ ಆಗೂದು 10 ಡಾಲರಿನ ಬೂಟು, ಒಂದೆರಡು ಹಂಗಾಮಿಗೆ ತಳಾ ಸವದು ನೀರು ಒಳಗ. ಶ್ರೀಮಂತ ಒಮ್ಮೆ 50 ಕೊಟ್ಟು ಹತ್ತು ವರ್ಷ ಒಣಾ ಕಾಲಿನ್ಯಾಗ ತಿರಗ್ತಾನ, ಬಡವ ಅಷ್ಟರಾಗ 100 ಖರ್ಚು ಮಾಡಿದ್ರೂ ಕಾಲು ಹಸೀನ. 2022ರಾಗ ಬ್ರಿಟನ್ನಿನ್ಯಾಗ ಬಡವರಿಗೆ ತಟ್ಟೂ ತುಟ್ಟಿ ಅಳೆಯಾಕ ಒಂದು ಸೂಚ್ಯಂಕ ಮಾಡ್ತೀವಂತ ಸಾರಿದ್ರು, ಅದಕ್ಕ ವೈಮ್ಸ್ ಬೂಟಿನ ಹೆಸರಽ ಇಟ್ರು. ಜುಲೈದಾಗ ಪರಳದ ನೀರಾಗ ನಡದವ್ರಿಗೆ ಬಿಡಿಸಿ ಹೇಳೂದು ಬ್ಯಾಡ.

ಹಿಂಜವಡಿ ಟ್ರಾಫಿಕ್
ಮುಂಬೈಯಲ್ಲಿ ಮನೆ ಡಿಪಾಸಿಟ್ಟೂ ಅದೇ ಕಥೆ. ಹನ್ನೊಂದು ತಿಂಗಳಿಗೊಮ್ಮೆ ಬ್ರೋಕರ್ ಕಮಿಷನ್ ಕೊಡೋನು ಯಾವತ್ತೂ ಸ್ವಂತ ಮನೆಗೆ ದುಡ್ಡು ಕೂಡಿಸಲ್ಲ.

ಸುಮ್ಮನೆ ಓದುಗ
'ನೈಟ್ ವಾಚ್' ಅತ್ಯುತ್ತಮ ಅಂತಾರಲ್ಲ, ನೇರ ಅದನ್ನೇ ಓದಿದ್ರೆ?

ಜೋಳದರೊಟ್ಟಿ ಪುಣೆ
ಕೈ ಮುಗೀತೀನಿ, ಹಂಗ ಮಾಡಬ್ಯಾಡ್ರಿ. 2002ರದ್ದು ಅದು. ವೈಮ್ಸ್ 30 ವರ್ಷ ಹಿಂದಿನ ಶಹರಕ್ಕ ಹೋಗಿ ಬೀಳ್ತಾನ. ಈಗಿನ ಶಹರ, ಈಗಿನ ವೈಮ್ಸ್ ಗೊತ್ತಿದ್ರ ಮಾತ್ರ ಅದು ಎದಿಗೆ ಬಡೀತದ.

ಥಾಣೆ ಅತ್ತೆಮನೆ
ಕಥೆ ಬಿಟ್ಟುಕೊಟ್ರಲ್ಲ! ನಾನಿನ್ನೂ ಓದಿಲ್ಲ!

ಜೋಳದರೊಟ್ಟಿ ಪುಣೆ
ರಕ್ಷಾಪುಟದ ಹಿಂದಽ ಬರದದರೀ ತಾಯಿ.

ಕಾಸ್ಮಿಯರ್ ಕಟ್ಟಾಳು
ಕೊನೇ ಪುಸ್ತಕಗಳು ಸಪ್ಪೆ ಅಂತ ಕೇಳಿದೀನಿ, ನಿಜಾನಾ?

ಅಡಿಟಿಪ್ಪಣಿ
2007ರ ಡಿಸೆಂಬರಿನಲ್ಲಿ ತನಗೆ ಆಲ್ಜೈಮರ್ ಅಂತ ಆತನೇ ಹೇಳಿಕೊಂಡ. ಟೈಪ್ ಮಾಡಲು ಆಗದಾದಾಗ ಬಾಯಲ್ಲಿ ಹೇಳಿ ಬರೆಸಿದ. 'ರೈಸಿಂಗ್ ಸ್ಟೀಮ್'ನಲ್ಲಿ ಪಾತ್ರಗಳು ಉದ್ದುದ್ದ ಭಾಷಣ ಮಾಡುತ್ತವೆ, ಮೊದಲಿನ ಬಿಗಿ ಇಲ್ಲ. ಅದನ್ನು ಹೇಳಲು ಸಂಕೋಚವೇಕೆ? ಆದರೆ 2010ರ 'ಐ ಶಲ್ ವೇರ್ ಮಿಡ್‌ನೈಟ್' ಕೂಡ ಆ ಕಾಯಿಲೆಯ ನಡುವೆಯೇ ಬಂದದ್ದು, ಅದನ್ನು ಸಪ್ಪೆ ಅನ್ನುವವರು ಓದಿಲ್ಲ ಅಂತಲೇ ಲೆಕ್ಕ.

ಮಾಟುಂಗಾ ಮಾಣಿ
2015ರ ಮಾರ್ಚಲ್ಲಿ ತೀರಿಹೋದ. ಅರ್ಧಂಬರ್ಧ ಬರೆದಿಟ್ಟದ್ದನ್ನು ಯಾರೂ ಮುಗಿಸಬಾರದು ಅಂತ ಹೇಳಿಹೋಗಿದ್ದ. 2017ರಲ್ಲಿ ಅವನ ಹಾರ್ಡ್ ಡಿಸ್ಕನ್ನು ನಿಜವಾಗ್ಲೂ ಸ್ಟೀಮ್ ರೋಲರ್ ಕೆಳಗೆ ಹಾಕಿ ಅಪ್ಪಚ್ಚಿ ಮಾಡಿದ್ರು. 42ನೇದು ಬರುದಿಲ್ಲ.

ಹಿಂಜವಡಿ ಟ್ರಾಫಿಕ್
'ಗೋಯಿಂಗ್ ಪೋಸ್ಟಲ್'ನಲ್ಲಿ ಗೋಪುರದಿಂದ ಗೋಪುರಕ್ಕೆ ದೀಪದಲ್ಲಿ ಸಂದೇಶ ಕಳಿಸೋ ಕ್ಲ್ಯಾಕ್ಸ್ ಅಂತ ಇದೆ. ಅಲ್ಲಿ ಕೆಲಸ ಮಾಡ್ತಾ ಸತ್ತವರ ಹೆಸರನ್ನ ಲೈನಿನ ತುದಿಯಿಂದ ತುದಿಗೆ ಓಡಿಸ್ತಾನೇ ಇರ್ತಾರೆ, ರಿಜಿಸ್ಟರಿಗೆ ಹತ್ತಿಸಲ್ಲ. ಹಾಗೆ ಓಡಿಸೋಕೆ ಹೆಸರಿನ ಮುಂದೆ ಹಾಕೋ ಸಂಕೇತ 'ಜಿಎನ್‌ಯು'. ಪ್ರಾಚೆಟ್ ತೀರ್ಕೊಂಡ ಮೇಲೆ ನಮ್ಮಂಥ ಕಂಪ್ಯೂಟರ್ ಜನ ವೆಬ್ ಸರ್ವರ್‌ಗಳ ಹೆಡರಲ್ಲಿ 'ಜಿಎನ್‌ಯು ಟೆರಿ ಪ್ರಾಚೆಟ್' ಅಂತ ಸೇರಿಸಿಟ್ಟರು. ನಾನೂ ಒಂದು ಕಡೆ ಹಾಕಿದೀನಿ. ಯಾವ ಕಡೆ ಅಂತ ಹೇಳಲ್ಲ, ಕೆಲಸ ಹೋಗುತ್ತೆ.

ಡೊಂಬಿವಲಿ ಫಾಸ್ಟ್
ಕಿಂಗ್ಸ್ ಸರ್ಕಲ್‌ನಲ್ಲಿ ಸಿಕ್ತು! ಮಕ್ಕಳ ರಾಶಿಯಲ್ಲೇ ಇತ್ತು, ಮಾಣಿಯವರಿಗೆ ಥ್ಯಾಂಕ್ಸ್. ಬೆಂಕಿ ಬೀಳೋ ತನಕ ಓದಿದೀನಿ. ಒಂದು ವಿಷಯ ಮಾತ್ರ ಒಪ್ಪೋಕಾಗ್ತಿಲ್ಲ. ಪ್ರಸ್ತಾವನೆ ಇಲ್ಲ, ಆವರಣದ ತಪಾಸಣೆ ಇಲ್ಲ, ಗಿರಾಕಿ ಬಾಯಿಮಾತಿಗೇ ಪಾಲಿಸಿ ಕೊಟ್ಟುಬಿಡೋದಾ? ಟೂಫ್ಲವರ್ ಮೇಲೆ ಇಲಾಖಾ ವಿಚಾರಣೆ ಆಗ್ಬೇಕು.

ಜೋಳದರೊಟ್ಟಿ ಪುಣೆ
ಮುಂದ ಡ್ರ್ಯಾಗನ್ ಸವಾರರ ಭಾಗ ಬರ್ತದ. ಬ್ಯಾಸರಾದ್ರ ಹಾರ್ಸಿ ಬಿಡ್ರಿ.

ಮಾಟುಂಗಾ ಮಾಣಿ
ಒಂದು ಪುಟ ಹಾರಿಸಿದ್ರೆ ನೋಡಿ!

ಡೊಂಬಿವಲಿ ಫಾಸ್ಟ್
ನೀವಿಬ್ರೂ ಜಗಳ ಮುಂದುವರಿಸಿ, ನನಗೆ ಕಲ್ಯಾಣ್ ಲೋಕಲ್ಲಲ್ಲಿ ಕಿಟಕಿ ಸೀಟ್ ಸಿಕ್ಕಿದೆ.